ಇನ್ನೂರ ಹದಿನಾಲ್ಕು ಎಂಬ ಸಹಪಾಠಿ

ನೀವು ಇದನ್ನು ನಂಬುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ನಾನು ಮಾತಿಗೆ ಸ್ವಲ್ಪ ಒಗ್ಗರಣೆ ಹಾಕುವವನು ಎಂದು ಪುಟ್ಟೇನಹಳ್ಳಿಯ ನಾಲ್ಕೂ ಕ್ರಾಸುಗಳಿಗೆ ಗೊತ್ತಿದೆ. ಕೆರೆ ಏರಿಯ ಮೇಲೆ ನಾನು ನೋಡಿದ ಹಾವು ಮನೆ ತಲುಪುವಷ್ಟರಲ್ಲಿ ಎರಡು ಮಾರು ಬೆಳೆದಿರುತ್ತದೆ. ಆದರೆ ಈ ವಿಷಯದಲ್ಲಿ ಬೆಳೆಸುವುದಕ್ಕೆ ಜಾಗವೇ ಇಲ್ಲ. ನಡೆದದ್ದೇ ಅಷ್ಟುದ್ದ ಇದೆ.

ಇವತ್ತು ಬೆಳಿಗ್ಗೆ ಫೋನಿನ ಚಾರ್ಜರ್ ಹುಡುಕುತ್ತಾ ನಮ್ಮ ಕಾರಿನ ಬಾಗಿಲು ತೆಗೆದೆ. ಬಿಸಿಲಿಗೆ ಮುಚ್ಚಿಟ್ಟ ಕಾರಿನ ವಾಸನೆ ಮುಖಕ್ಕೆ ಹೊಡೆಯಿತು. ಕಾದ ರೆಕ್ಸಿನ್, ದೇವರ ಪುಟ್ಟ ಮೂರ್ತಿಯ ಮುಂದೆ ಒಣಗಿದ ಸೇವಂತಿಗೆ, ಸೀಟಿನ ಸಂದಿಯಲ್ಲಿ ಎಂದೋ ಚೆಲ್ಲಿದ ಕಾಫಿ. ಆ ಕಾಫಿಯ ಕಮಟು ಮೂಗಿಗೆ ಬಂದದ್ದೇ ತಡ, ಹೋದ ವರ್ಷದ ಒಂದು ಶನಿವಾರ ಪೂರ್ತಿಯಾಗಿ ಕಾರಿನಿಂದಿಳಿದು ನನ್ನೆದುರು ನಿಂತಿತು. ಎಷ್ಟು ಹೊತ್ತು ಬಾಗಿಲು ಹಿಡಿದುಕೊಂಡೇ ನಿಂತಿದ್ದೆನೋ, ಮೇಲಿನ ಬಾಡಿಗೆಯ ಆಂಟಿ ಕಾರು ಕೆಟ್ಟಿದೆಯಾ ಎಂದು ವಿಚಾರಿಸಿಕೊಂಡು ಹೋದರು.

ನನ್ನ ಪಿಯುಸಿ ಅಂಕಪಟ್ಟಿ ನೋಡಿದ ಮೇಲೆ ಜಯನಗರದ ಕಾಲೇಜುಗಳೆಲ್ಲ ಒಟ್ಟಿಗೆ ಕಣ್ಣು ಮುಚ್ಚಿಕೊಂಡವು. ಉಳಿದದ್ದು ಆನ್‌ಲೈನ್ ಬಿ.ಎ. ಮಂಚದ ಮೇಲೆ ಬಿದ್ದುಕೊಂಡು, ಚಡ್ಡಿಯಲ್ಲೇ ಪದವೀಧರನಾಗಬಹುದು ಎಂದು ತಿಳಿದ ದಿನ ನಾನು ಮೂರು ದೋಸೆ ಹೆಚ್ಚಿಗೆ ತಿಂದೆ. ತಾತ ರಾಗಿ ಬೆಳೆದ ಜಾಗದಲ್ಲಿ ಮೂರಂತಸ್ತು ಬೆಳೆದ ಮನುಷ್ಯ ನಮ್ಮಪ್ಪ. ಟ್ಯಾಂಕರಿನವನು ನೀರು ತರುವುದು ತಡ ಮಾಡಿದರೆ ಅವರು ಗದರುವ ದನಿಗೆ ಕೆರೆಯ ಹಕ್ಕಿಗಳು ಎದ್ದು ತಲಘಟ್ಟಪುರದವರೆಗೆ ಹೋಗಿ ಬರುತ್ತವೆ. ಅಂಥವರು ಸುಮ್ಮನೆ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬನಶಂಕರಿಯ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ ಅರ್ಜಿ ತುಂಬಿಸಿದರು.

ಆನ್‌ಲೈನ್ ಕ್ಲಾಸು ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ನಾನೂರು ಜನ, ನಾನೂರು ಕಪ್ಪು ಚೌಕಗಳು. ಕ್ಯಾಮೆರಾ ಹಾಕಿದರೆ ಎಲ್ಲವೂ ನಿಂತುಹೋಗುತ್ತದೆಂದು ಮೇಷ್ಟ್ರು ಮೊದಲ ದಿನವೇ ಕೈ ಮುಗಿದಿದ್ದರು. ಹೆಸರೂ ಹಾಕುವಂತಿಲ್ಲ, ಹಾಜರಿಗೆ ಸುಲಭವಾಗಲಿ ಎಂದು ರೋಲ್ ನಂಬರಿನ ಕೊನೆಯ ಮೂರು ಅಂಕಿ ಮಾತ್ರ. ಹೀಗಾಗಿ ನಾನು ಇನ್ನೂರ ಹದಿಮೂರು. ಆ ಚೌಕಗಳ ಹಿಂದೆ ಯಾರಿದ್ದಾರೆ, ಎಲ್ಲಿದ್ದಾರೆ ಎಂಬುದು ಯಾರಾದರೂ ಮೈಕ್ ಮುಚ್ಚಲು ಮರೆತಾಗ ಮಾತ್ರ ತಿಳಿಯುತ್ತಿತ್ತು. ಒಬ್ಬ ಬಸ್ಸಿನಲ್ಲಿ ಚಿಲ್ಲರೆಗೆ ಜಗಳವಾಡುತ್ತಾ ಸಮಾಜಶಾಸ್ತ್ರ ಕಲಿತ. ಇನ್ನೊಬ್ಬಳು ಮಗುವಿಗೆ ಲಾಲಿ ಹಾಡುತ್ತಾ ನಾನೂರು ಜನರನ್ನೂ ಮಲಗಿಸಿಬಿಟ್ಟಳು. ನಾನಂತೂ ‘ಹಾಜರ್’ ಎಂದು ಟೈಪ್ ಮಾಡಿ, ಫೋನನ್ನು ದಿಂಬಿನ ಕೆಳಗಿಟ್ಟು ಆಡಲು ಹೋಗುತ್ತಿದ್ದೆ. ದಿಂಬು ನನಗಿಂತ ಹೆಚ್ಚು ಓದಿಕೊಂಡಿದೆ.

ಎರಡನೇ ಸೆಮಿಸ್ಟರಿನಲ್ಲಿ ಮೇಷ್ಟ್ರು ಒಂದು ಪ್ರಾಜೆಕ್ಟ್ ಕೊಟ್ಟರು. ನಿಮ್ಮ ಬಡಾವಣೆ ಹಳ್ಳಿಯಾಗಿದ್ದಾಗ ಹೇಗಿತ್ತು ಎಂದು ಹತ್ತು ಹಿರಿಯರನ್ನು ಮಾತಾಡಿಸಿ ಬರೆಯಬೇಕು. ನಂಬರಿನ ಸಾಲಿನಲ್ಲೇ ಮೂರು ಮೂರು ಜನರ ಗುಂಪು. ನನ್ನ ಪಾಲಿಗೆ ಇನ್ನೂರ ಹದಿನಾಲ್ಕು ಮತ್ತು ಇನ್ನೂರ ಹದಿನೈದು ಬಂದರು. ಹದಿನೈದು ಎಂದರೆ ಲಿಖಿತ, ವಸಂತಪುರದ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಾ ಓದುವ ಹುಡುಗಿ, ಅವಳೇ ಹಾಗೆಂದು ಬರೆದುಕೊಂಡಿದ್ದಳು. ಹದಿನಾಲ್ಕು ತನ್ನ ಬಗ್ಗೆ ಏನೂ ಹೇಳಲಿಲ್ಲ. ಮೊದಲು ಟೈಪ್ ಮಾಡಿದವನು ನಾನಾದ್ದರಿಂದ ಲೀಡರ್ ನಾನೇ ಆದೆ.

ಲೀಡರ್ ಆದಮೇಲೆ ಕೆಲಸ ಮಾಡುವುದು ಏನು ಚೆಂದ ಹೇಳಿ? ಹದಿನಾಲ್ಕಕ್ಕೆ ನಾಲ್ಕು ಸಂದರ್ಶನ, ಲಿಖಿತಳಿಗೆ ಮೂರು, ನನಗೆ ಮೂರು ಎಂದು ಹಂಚಿದೆ. ಲಿಖಿತಳಿಗೆ ಅಂಗಡಿಯಲ್ಲಿ ಹಬ್ಬದ ಗಿರಾಕಿ. ಅವಳ ಮೂರನ್ನೂ ತಾನೇ ಮಾಡುತ್ತೇನೆ, ಅವರು ಸ್ಲೈಡ್ ಮಾಡಲಿ ಎಂದು ಹದಿನಾಲ್ಕು ಒಪ್ಪಿಕೊಂಡಿತು. ಆಮೇಲೆ ಕೋರ್ಸಿನ ಪೋರ್ಟಲಿನಲ್ಲಿ ವಾರಕ್ಕೊಂದರಂತೆ ಸಂದೇಶ ಬರತೊಡಗಿತು. ಭಾಷೆ ನೋಡಿ: ‘ಲೀಡರ್ ಸರ್ ಅವರಿಗೆ ನಮಸ್ಕಾರ. ಸಂದರ್ಶನ ಐದನ್ನು ಲಗತ್ತಿಸಿದ್ದೇನೆ. ದಯವಿಟ್ಟು ಓದಿ, ಹೇಗಿದೆ ತಿಳಿಸಿ.’ ನನಗೆ ಹುಟ್ಟಿದಾಗಿನಿಂದ ಯಾರೂ ಸರ್ ಅಂದಿರಲಿಲ್ಲ. ಒಂದು ಹೆಬ್ಬೆರಳು ಕಳಿಸುತ್ತಿದ್ದೆ. ಓದುತ್ತಿರಲಿಲ್ಲ. ಕೊನೆಕೊನೆಗೆ ಹೆಬ್ಬೆರಳಿಗೂ ಬರ ಬಂತು.

ಒಂದು ದಿನ ಅದೇ ಹದಿನಾಲ್ಕು, ಅಷ್ಟೇ ನಮಸ್ಕಾರದೊಂದಿಗೆ, ತಮ್ಮ ಭಾಗದ ಮೂರು ಸಂದರ್ಶನಗಳು ಇನ್ನೂ ಬಂದಿಲ್ಲ ಸರ್ ಎಂದು ನೆನಪಿಸಿತು. ಲಿಖಿತ ಅದಕ್ಕೊಂದು ನಗುವ ಮುಖ ಅಂಟಿಸಿದಳು. ನನಗೆ ಮೈಯೆಲ್ಲ ಉರಿಯಿತು. ನೀವೇ ಮಾಡಿ ಎಂದೆ. ಮಾಡಿಯೂ ಕೊಟ್ಟಿತು, ಹತ್ತಕ್ಕೆ ಹತ್ತು. ಶುಕ್ರವಾರ ಎಲ್ಲವನ್ನೂ ಒಂದು ಕಡತ ಮಾಡಿ ಮೇಷ್ಟ್ರಿಗೆ ಕಳಿಸುವಾಗ, ಯಾರು ಎಷ್ಟು ಮಾಡಿದರು ಎಂಬ ಖಾನೆಯಲ್ಲಿ ನಾನು ಹೀಗೆ ಬರೆದೆ. ಇನ್ನೂರ ಹದಿಮೂರು, ಹತ್ತು ಸಂದರ್ಶನ. ಇನ್ನೂರ ಹದಿನೈದು, ಸ್ಲೈಡ್. ಇನ್ನೂರ ಹದಿನಾಲ್ಕು, ಭಾಗವಹಿಸಲಿಲ್ಲ.

ಭಾಗವಹಿಸದವರಿಗೆ ಆಂತರಿಕ ಅಂಕ ಇಲ್ಲ, ಆ ವರ್ಷ ಪರೀಕ್ಷೆಗೂ ಕೂರುವಂತಿಲ್ಲ ಎಂಬ ನಿಯಮ ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ಒಂದು ಕಪ್ಪು ಚೌಕಕ್ಕೆ ಏನು ನೋವಾಗುತ್ತದೆ ಹೇಳಿ?

ಶನಿವಾರ ಹನ್ನೊಂದಕ್ಕೆ ಮೇಷ್ಟ್ರು ನಮ್ಮ ಮೂವರನ್ನು ಮಾತಾಡಿಸುವವರಿದ್ದರು. ಹತ್ತೂವರೆಗೆ ಒಮ್ಮೆ ಎಲ್ಲರೂ ಸೇರಿ ನೋಡೋಣ ಎಂದು ಲಿಖಿತ ಕರೆದಳು. ಅಲ್ಲಿಯವರೆಗೆ ನಾವು ಒಬ್ಬರ ದನಿ ಒಬ್ಬರು ಕೇಳಿರಲಿಲ್ಲ. ನಾನು ಬಾಯಲ್ಲಿ ಉಪ್ಪಿಟ್ಟು ತುಂಬಿಕೊಂಡಿದ್ದರಿಂದ ಮೈಕ್ ಮುಚ್ಚಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತೆ. ಲಿಖಿತ ಸ್ಲೈಡ್ ವಿವರಿಸುತ್ತಿದ್ದಳು. ಹದಿನಾಲ್ಕರ ಮೈಕ್ ತೆರೆದೇ ಇತ್ತು, ಮಾತು ಮಾತ್ರ ಇಲ್ಲ.

ಆಗ ಕೆಳಗೆ ಅಂಗಳದಲ್ಲಿ ಅಮ್ಮ ಕೂಗಿದರು. ‘ಪುಟ್ಟಾ, ಟ್ಯಾಂಕ್ ತುಂಬಿ ಸುರೀತಾ ಐತೆ, ಮೋಟ್ರು ಆಫ್ ಮಾಡೋ.’

ಕಿಟಕಿಯಿಂದ ಒಂದು ಸಲ ಕೇಳಿತು. ಒಂದು ಕ್ಷಣ ಬಿಟ್ಟು ಅದೇ ಕೂಗು, ಅದೇ ಪುಟ್ಟ, ಅದೇ ಮೋಟ್ರು, ನನ್ನ ಕಿವಿಯೊಳಗಿನ ಇಯರ್‌ಫೋನಿನಲ್ಲಿ ಕೇಳಿತು. ಲಿಖಿತ ನಕ್ಕಳು. ‘ಯಾರ್ ಮನೇಲೋ ಟ್ಯಾಂಕ್ ತುಂಬ್ತು.’ ನನ್ನ ಮೈಕ್ ಮುಚ್ಚಿತ್ತು. ಮೂರು ಸಲ ನೋಡಿದೆ, ಮುಚ್ಚೇ ಇತ್ತು. ಲಿಖಿತಳದು ಬಿಟ್ಟರೆ ತೆರೆದಿದ್ದ ಮೈಕ್ ಒಂದೇ, ಹದಿನಾಲ್ಕರದು. ಅಷ್ಟರಲ್ಲಿ ಅದರೊಳಗಿಂದ ಅಮ್ಮನ ದನಿ ಇನ್ನೂ ಹತ್ತಿರ ಬಂತು, ಈ ಸಲ ಗುಟ್ಟಿನಲ್ಲಿ: ‘ಏನ್ರೀ, ಕಾಫಿ ಆರೋಗುತ್ತೆ, ಕುಡ್ಕೊಂಡ್ ಓದ್ರಿ.’

ಉಪ್ಪಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಹೊಟ್ಟೆಗಂತೂ ಹೋಗಲಿಲ್ಲ. ಎದ್ದು ಕಿಟಕಿಯಿಂದ ಬಗ್ಗಿ ನೋಡಿದೆ. ಕೆಳಗೆ ನಮ್ಮ ಕಾರು. ಅದರೊಳಗೆ, ಮೂರು ಗಾಜು ಏರಿಸಿಕೊಂಡು, ನಾಲ್ಕನೆಯದರಿಂದ ಕಾಫಿ ಲೋಟ ಒಳಗೆ ತೆಗೆದುಕೊಳ್ಳುತ್ತಾ, ಸ್ಟಿಯರಿಂಗ್ ಮೇಲೆ ನೋಟ್‌ಬುಕ್ ಒರಗಿಸಿಕೊಂಡು, ಕಿವಿಗೆ ವೈರು ಸಿಕ್ಕಿಸಿಕೊಂಡು ನಮ್ಮಪ್ಪ.

ಪ್ರತಿ ಶನಿವಾರ ಅಪ್ಪ ಎರಡು ಗಂಟೆ ಕಾರಿನಲ್ಲಿ ಕೂರುತ್ತಿದ್ದರು. ಓಡಿಸದೆ ಬಿಟ್ಟರೆ ಬ್ಯಾಟರಿ ಇಳಿದುಹೋಗುತ್ತದೆ, ಅದಕ್ಕೆ ಆನ್ ಮಾಡಿ ಕೂರಬೇಕು ಎಂದು ಅವರೇ ಹೇಳಿದ್ದರು. ನಾನು ಗೆಳೆಯರಿಗೆ ಇದನ್ನು ಹೇಳುವಾಗ ಎರಡು ಗಂಟೆಯನ್ನು ಐದು ಮಾಡಿ, ಸೀಟ್ ಬೆಲ್ಟ್ ಕೂಡ ಹಾಕಿಕೊಳ್ಳುತ್ತಾರೆ ಕಣೋ ಎಂದು ಸೇರಿಸಿ ನಗಿಸಿದ್ದೆ. ಈಗ ಎಲ್ಲವೂ ಒಂದೊಂದಾಗಿ ಜಾಗಕ್ಕೆ ಬಂದು ಕೂತವು. ಅರ್ಜಿ ತುಂಬಿಸಿದ ದಿನ ನೀನು ಹೋಗು, ರಶೀದಿ ತಗೊಂಡು ಬರುತ್ತೇನೆ ಎಂದು ಅಪ್ಪ ಅಂಗಡಿಯಲ್ಲೇ ಉಳಿದಿದ್ದರು. ನನ್ನದಾದ ಮೇಲೆ ಅಲ್ಲಿ ತುಂಬಿದ ಮುಂದಿನ ಅರ್ಜಿಯ ನಂಬರ್ ಎಷ್ಟಿರಬೇಕು ಎಂದು ಲೆಕ್ಕ ಹಾಕಲು ಪಿಯುಸಿ ಕೂಡ ಬೇಕಾಗಿಲ್ಲ. ರೋಲ್ ನಂಬರು ಆಮೇಲೆ ಅವರವರ ಫೋನಿಗೇ ಬಂದಿತ್ತು, ನನ್ನದು ಎಷ್ಟೆಂದು ಅಪ್ಪ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಹನ್ನೊಂದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಜೀವಮಾನದಲ್ಲಿ ಮೊದಲ ಸಲ ಕೋರ್ಸಿಗೆ ಸಂಬಂಧಿಸಿದ ಒಂದು ಕಡತವನ್ನು ತೆರೆದು ಓದಿದೆ. ಕೆರೆಯಲ್ಲಿ ಎಮ್ಮೆ ತೊಳೆದವರು, ಬಾವಿ ಮುಚ್ಚಿಸಿದವರು, ರಾಗಿ ಕಣದಲ್ಲೇ ಮದುವೆಯಾದವರು. ಒಂದು ಸಾಲೂ ಉದ್ದ ಮಾಡಿರಲಿಲ್ಲ, ಆದರೂ ನಿಲ್ಲಿಸಲಾಗಲಿಲ್ಲ. ಎಂಟನೆಯದು ನಮ್ಮ ಅಜ್ಜಿ. ಪಕ್ಕದ ಕೋಣೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಸ್ವಂತ ಅಜ್ಜಿ. ಅವರು ಆಡಿದಂತೆಯೇ ಬರೆದಿತ್ತು: ‘ನನ್ ಮಗ ಡಿಗ್ರಿ ಓದಕ್ಕೆ ಜಯನಗರಕ್ಕೆ ಸೈಕಲ್ ತುಳ್ಕೊಂಡು ಹೋಗ್ತಿದ್ದ. ಅವರಪ್ಪನ ಸೊಂಟ ಬಿದ್ದೋಯ್ತು. ಹಸ ನೋಡೋರ್ ಯಾರು? ಸಾಕು ನಿಲ್ಸು ಅಂತ ನಾನೇ ಅಂದೆ.’ ಅದರ ಕೆಳಗೆ ಸಂದರ್ಶಕರ ಪ್ರಶ್ನೆ: ಆ ಬಗ್ಗೆ ತಮಗೆ ಈಗ ಬೇಸರವಿದೆಯೇ? ಉತ್ತರ: ‘ನನ್ನೇನ್ ಕೇಳ್ತೀಯ? ನಿಂಗಿದ್ಯಾ ಹೇಳು.’ ಮುಂದೆ ಏನೂ ಬರೆದಿರಲಿಲ್ಲ. ಒಂಬತ್ತನೇ ಸಂದರ್ಶನ ಶುರುವಾಗಿತ್ತು.

ನನ್ನ ತಲೆ ಆಗಲೂ ಕಳ್ಳದಾರಿಯನ್ನೇ ಹುಡುಕಿತು, ಸುಳ್ಳೇಕೆ ಹೇಳಲಿ. ಮೇಷ್ಟ್ರಿಗೆ ಕೈತಪ್ಪಿತು ಎಂದು ಬರೆಯಲೇ? ಕರೆಂಟು ಹೋಯಿತು ಎನ್ನಲೇ? ಕಾರಿನ ಹಾರ್ನು ಅಮುಕಿ ಓಡಿಬರಲೇ? ಬಾಯಿ ಬಿಟ್ಟರೆ ಅಪ್ಪನಿಗೆ ನನ್ನ ದನಿ ಗೊತ್ತಾಗುತ್ತದೆ. ಬಿಡದಿದ್ದರೆ ಅಪ್ಪನ ವರ್ಷ ಹೋಗುತ್ತದೆ. ಈ ನಡುವೆ ಹನ್ನೊಂದು ಹೊಡೆದು ಮೇಷ್ಟ್ರು ಬಂದೇಬಿಟ್ಟರು. ಬಂದವರು ಸ್ಲೈಡು ಗೀಡು ಏನೂ ಕೇಳಲಿಲ್ಲ.

‘ಇನ್ನೂರ ಹದಿನಾಲ್ಕು ಭಾಗವಹಿಸಲಿಲ್ಲ ಅಂತ ನಿಮ್ ಲೀಡರ್ ಬರ್ದಿದ್ದಾರೆ. ಇಲ್ಲಿ ನೋಡಿದ್ರೆ ನೀವು ಹಾಜರಿದ್ದೀರ. ಏನ್ರೀ ಇದು?’

ಹದಿನಾಲ್ಕರ ಚೌಕ ಬೆಳಗಿತು. ‘ಸಾರ್, ನಾನು...’ ಎಂದಿತು, ನಿಂತಿತು. ಮತ್ತೊಮ್ಮೆ ‘ಸಾರ್’ ಎಂದಿತು. ಟ್ಯಾಂಕರಿನವನನ್ನು ನಡುಗಿಸುವ ದನಿ ಅದು. ಎರಡು ಪದದ ಆಚೆ ಹೋಗಲಾರದೆ ಒಣಗಿಹೋಗಿತ್ತು. ಅದನ್ನು ಕೇಳಿದ ಮೇಲೆ ನನ್ನ ಬೆರಳು ತಾನೇ ಹೋಗಿ ಮೈಕ್ ತೆರೆಯಿತು.

‘ಸಾರ್, ಸುಳ್ಳು ಬರ್ದಿದ್ದು ನಾನು. ಹತ್ತೂ ಅವರೇ ಮಾಡಿದ್ದು. ನಾನು ಒಂದೂ ಮಾಡಿಲ್ಲ, ಓದೂ ಇರ್ಲಿಲ್ಲ. ಈಗ ಓದ್ದೆ. ಸಖತ್ತಾಗಿದೆ ಸಾರ್. ಅಷ್ಟು ಚೆನ್ನಾಗಿ ನಂಗೆ ಯಾವತ್ತೂ ಬರಿಯಕ್ಕಾಗಲ್ಲ.’

ಮೇಷ್ಟ್ರು ಉಸಿರೆಳೆದುಕೊಂಡದ್ದು ಕೇಳಿಸಿತು. ಕೆಳಗೆ ಕಾರಿನ ಬಾಗಿಲು ಬಡಿಯಿತು, ಎರಡು ಸಲ ಕೇಳಿಸಿತು. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿ. ನಮ್ಮಪ್ಪ ಚಪ್ಪಲಿ ಹಾಕಿಕೊಂಡು ಮನೆಯೊಳಗೆ ಬಂದದ್ದು ಅದೇ ಮೊದಲು.

ಅವರು ಬಾಗಿಲಲ್ಲಿ ನಿಂತರು. ಕಿವಿಯ ವೈರು ಕಿತ್ತುಬಂದು ಎದೆಯ ಮೇಲೆ ನೇತಾಡುತ್ತಿತ್ತು, ಕೈಯಲ್ಲಿ ಫೋನು ಹಾಗೇ ಮಾತಾಡುತ್ತಿತ್ತು. ಗಾಬರಿಯಲ್ಲಿ ನನ್ನ ಇಯರ್‌ಫೋನೂ ಲ್ಯಾಪ್‌ಟಾಪಿನಿಂದ ಕಿತ್ತುಬಂದಿತ್ತು. ನನ್ನ ಲ್ಯಾಪ್‌ಟಾಪೂ ಅಪ್ಪನ ಫೋನೂ ಒಂದೇ ಕೋಣೆಯಲ್ಲಿ ಸೇರಿದ್ದೇ ಸರಿ, ಎರಡೂ ಪರಸ್ಪರ ಕೇಳಿಸಿಕೊಂಡು ಕುಂಯ್ ಎಂದು ಅರಚಲು ಶುರು ಮಾಡಿದವು. ಮೇಷ್ಟ್ರು ಏನೋ ಕೂಗುತ್ತಲೇ ನಮ್ಮಿಬ್ಬರನ್ನೂ ಒಟ್ಟಿಗೆ ಆಚೆ ಹಾಕಿದರು. ತೆರೆ ಕಪ್ಪಾಯಿತು.

ನಾನು ಕೆನ್ನೆ ಸಿದ್ಧ ಮಾಡಿಕೊಂಡು ಕೂತಿದ್ದೆ. ಎಡಗೆನ್ನೆಯೋ ಬಲಗೆನ್ನೆಯೋ ಎಂಬುದಷ್ಟೇ ಅನುಮಾನ. ಅಪ್ಪ ಬಂದು ಮಂಚದ ಅಂಚಿನಲ್ಲಿ ಕೂತರು. ಮುಖ ನೋಡಿದೆ. ಅದರಲ್ಲಿ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಅದು ಇನ್ನೂ ದಾರಿಯಲ್ಲಿತ್ತು, ಮಧ್ಯಾಹ್ನ ಊಟದ ಹೊತ್ತಿಗೆ ಬಂದು ತಲುಪಿ ಒಂದು ವಾರ ಉಳಿದುಕೊಂಡಿತು, ಆ ಮಾತು ಬೇರೆ. ಆಗ ಮಾತ್ರ ಅವರು ನೆಲ ನೋಡುತ್ತಾ ಕೇಳಿದರು.

‘ನಿಜವಾಗ್ಲೂ ಚೆನ್ನಾಗೈತಾ?’

ಹತ್ತು ವಾರ ತಪ್ಪದೆ ಅವರು ಕೇಳಿದ್ದು ಇದೊಂದನ್ನೇ. ಆವತ್ತು ಮಾತಿಗೆ ಒಗ್ಗರಣೆ ಹಾಕಲಿಲ್ಲ. ‘ಚೆನ್ನಾಗೈತಪ್ಪ’ ಎಂದಷ್ಟೇ ಹೇಳಿದೆ.

ಮೇಷ್ಟ್ರು ಖಾನೆ ತಿದ್ದಿ, ಅಪ್ಪನನ್ನು ಪರೀಕ್ಷೆಗೆ ಕೂರಿಸಿದರು, ನನ್ನನ್ನು ಹೊರಗಿಟ್ಟರು. ಹೀಗಾಗಿ ಅಪ್ಪ ಈಗ ನನ್ನ ಸೀನಿಯರ್. ನಂಬಲಿಲ್ಲ ತಾನೇ? ಅಪ್ಪನ ಕ್ಲಾಸು ಈಗ ಹಾಲಿನಲ್ಲಿ ನಡೆಯುತ್ತದೆ, ಬಾಗಿಲು ತೆರೆದೇ ಇರುತ್ತದೆ, ಬಾಡಿಗೆಯವರು ಚಪ್ಪಲಿ ಬಿಟ್ಟು ಮೆಲ್ಲಗೆ ಮೆಟ್ಟಿಲು ಹತ್ತುತ್ತಾರೆ. ನಾನು ಅದೇ ಹಳೆಯ ಪ್ರಾಜೆಕ್ಟಿಗೆ ನನ್ನದೇ ಮೂರು ಸಂದರ್ಶನ ಮಾಡಬೇಕು. ಅದನ್ನು ಬಿಟ್ಟು ಬೆಳಿಗ್ಗೆಯಿಂದ ಇದನ್ನು ಬರೆಯುತ್ತಾ ಕೂತಿದ್ದೇನೆ. ಇನ್ನೂ ಬೇಕಾದಷ್ಟು ಹೇಳುವುದಿತ್ತು, ಲಿಖಿತ ಆಮೇಲೆ ನನಗೆ ಏನೆಂದಳು ಎಂಬುದೇ ಎರಡು ಪುಟ ಇದೆ, ಆದರೆ ಅಪ್ಪ ಒಳಗೆ ಬಂದರು. ಕೈಯಲ್ಲಿ ನಾಲ್ಕು ಹಾಳೆ, ಮುಂದಿನ ವಾರ ಕಳಿಸಬೇಕಾದ ಅವರ ಬರಹ. ಲ್ಯಾಪ್‌ಟಾಪ್ ಮುಚ್ಚು ಎಂದು ಕೈಯಲ್ಲೇ ಹೇಳಿ, ಹಾಳೆಗಳ ಜೊತೆ ಒಂದು ಕೆಂಪು ಪೆನ್ನನ್ನೂ ನನ್ನ ಮುಂದಿಟ್ಟರು.

‘ಚೆನ್ನಾಗೈತೆ ಅಂತ ಸುಮ್ನೆ ಅನ್ಬೇಡ. ಎಲ್ ಚೆನ್ನಾಗಿಲ್ಲ ಅದನ್ನ ಹೇಳು.’