ಎರಡು ಗಂಟೆಗೊಮ್ಮೆ ನೋಯುವ ಸೀಟು

ಬೆಳಗಿನ ಐದೂವರೆ. ಹೊನ್ನಾಳಿಯಲ್ಲಿ ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿದೆ. ಅರ್ಧ ಎತ್ತಿದ ಶಟರ್ ಕೆಳಗೆ ತಲೆ ಬಗ್ಗಿಸಿ ಒಳಹೊಕ್ಕರೆ, ಬಲ್ಬಿನ ಬೆಳಕಿನಲ್ಲಿ ಐವತ್ತು ದಾಟಿದ ರಂಗಣ್ಣ ಒಂದು ಮರದ ಪೆಟ್ಟಿಗೆಯ ಮೇಲೆ ಕೂತಿದ್ದಾರೆ. ಪೆಟ್ಟಿಗೆಯ ತುಂಬ ಹದವಾಗಿ ಕಲಸಿದ ಜೇಡಿಮಣ್ಣು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ರಂಗಣ್ಣ ಎರಡೂ ಕೈ ಮುಂದಕ್ಕೆ ಚಾಚಿ, ಇಲ್ಲದ ಹ್ಯಾಂಡಲ್ ಹಿಡಿದುಕೊಂಡು ಗೋಡೆಯನ್ನೇ ದಿಟ್ಟಿಸುತ್ತಿದ್ದಾರೆ.

“ಅಲ್ಲಾಡಬ್ಯಾಡ್ರಿ ರಂಗಣ್ಣ. ದಿನಾ ಗಾಡಿ ಮೇಲೆ ಹೆಂಗೆ ಕುಂತ್ಕಂತೀರೋ ಹಂಗೇ ಕುಂತ್ಕಳ್ರಿ. ಎದೆ ಸೆಟೆಸಬ್ಯಾಡ್ರಿ, ಫೋಟೋ ತೆಗೀತಿಲ್ಲ ನಾನು.”

“ಎಷ್ಟೊತ್ತವ್ವಾ ಇನ್ನೂ? ಅಲ್ಲಿ ಐಸು ಕರಗ್ತೈತೆ.”

ಹೊರಗೆ ನಿಂತ ಬೈಕಿನ ಹಿಂದೆ ಸೂಳೆಕೆರೆಯ ಮೀನು ತುಂಬಿದ ಡಬ್ಬ ಇದೆ. ಡಬ್ಬದ ಮೂಲೆಯಿಂದ ನೀರು ಹನಿಯುತ್ತಿದೆ. ಹತ್ತು ನಿಮಿಷವಾದ ಮೇಲೆ ರಂಗಣ್ಣನನ್ನು ಎಬ್ಬಿಸಿ, ಸೀಟು ಹೊಲಿಯುವ ಮಾಲಾ ಮಣ್ಣಿನ ಮುಂದೆ ಮಂಡಿಯೂರುತ್ತಾರೆ. ಮಣ್ಣಿನಲ್ಲಿ ಎರಡು ಕುಳಿ ಬಿದ್ದಿವೆ. ಕುಳಿಗಳ ನಡುವಿನ ಅಂತರವನ್ನು ಬೆರಳಲ್ಲಿ ಅಳೆದು, ಆಳಕ್ಕೆ ಕಡ್ಡಿ ಇಳಿಸಿ ನೋಡುತ್ತಾರೆ. “ಎಡಗಡೆ ಜಾಸ್ತಿ ಇಳಿದೈತೆ ನೋಡ್ರಿ. ಭಾರ ಎಲ್ಲಾ ಆ ಕಡೀಗೇ ಹಾಕ್ತೀರಿ. ಅದಕ್ಕೇ ಸೊಂಟ ಹಿಡ್ಕಂತೈತೆ.”

ನಲವತ್ಮೂರರ ಮಾಲಾ ಅವರ ಅಂಗಡಿಗೆ ಬೋರ್ಡಿಲ್ಲ. ‘ಸೀಟಿನ ಮಾಲಕ್ಕ’ ಎಂದು ಕೇಳಿದರೆ ಬಸ್ ಸ್ಟ್ಯಾಂಡಿನ ಆಟೋದವರು ದಾರಿ ತೋರಿಸುತ್ತಾರೆ. ಹರಿದ ರೆಕ್ಸಿನ್ ಬದಲಿಸುವ, ಸ್ಪಂಜು ತುಂಬಿಸುವ ಅಂಗಡಿಗಳು ಊರಲ್ಲಿ ಬೇರೆಯೂ ಇವೆ. ಮಾಲಾ ಬಳಿ ಬರುವವರ ಅಗತ್ಯವೇ ಬೇರೆ. ದಿನಕ್ಕೆ ನೂರು, ನೂರೈವತ್ತು ಕಿಲೋಮೀಟರ್ ಬೈಕಿನ ಮೇಲೆಯೇ ಇರಬೇಕಾದವರು, ಇಳಿದಾಗ ನೆಟ್ಟಗೆ ನಿಲ್ಲಲಾರದವರು ಇಲ್ಲಿಗೆ ಬರುತ್ತಾರೆ. ನ್ಯಾಮತಿಯಿಂದ ಬಟ್ಟೆ ಗಂಟು ಕಟ್ಟಿಕೊಂಡು ಹಳ್ಳಿ ಸುತ್ತುವವರು, ಜಗಳೂರಿನ ಹಟ್ಟಿಗಳಲ್ಲಿ ಕುರಿಗೆ ಲಸಿಕೆ ಹಾಕುವವರು, ಚನ್ನಗಿರಿಯ ಔಷಧ ಏಜೆಂಟರು. ಅವರೆಲ್ಲ ಕೆಲಸಕ್ಕೆ ಹೊರಡುವ ಮೊದಲು ಅಳತೆ ಕೊಡಲೆಂದೇ ಅಂಗಡಿ ಇಷ್ಟು ಬೇಗ ತೆರೆಯುತ್ತದೆ.

ಮಾಲಾ ಹುಟ್ಟಿದ್ದು ಜಗಳೂರಿನ ಹತ್ತಿರದ ಹಳ್ಳಿಯಲ್ಲಿ. ಅಪ್ಪ ತಿಪ್ಪೇಶಪ್ಪ ಚಪ್ಪಲಿ ಹೊಲಿಯುತ್ತಿದ್ದರು. ಕಾಲು ನೋವೆಂದು ಬಂದವರನ್ನು ಒದ್ದೆ ಮಣ್ಣಿನ ಮೇಲೆ ನಾಲ್ಕು ಹೆಜ್ಜೆ ನಡೆಸಿ, ಹಿಮ್ಮಡಿ ಎಲ್ಲಿ ಹೂತಿದೆ ಎಂದು ನೋಡಿ ಅಟ್ಟೆ ಕತ್ತರಿಸುತ್ತಿದ್ದರು. ಮದುವೆಯಾಗಿ ಹೊನ್ನಾಳಿಗೆ ಬಂದ ಮಾಲಾ, ಗಂಡ ಕೃಷ್ಣ ಗಾರೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಆಟೋ ಸೀಟು ಹೊಲಿಯತೊಡಗಿದರು. ಎಂಟು ವರ್ಷದ ಹಿಂದೆ ಇದೇ ರಂಗಣ್ಣ ಒಂದು ದಿನ ಫುಟ್‌ರೆಸ್ಟಿನ ಮೇಲೆ ನಿಂತುಕೊಂಡೇ ಬೈಕು ಓಡಿಸಿಕೊಂಡು ಬಂದಿದ್ದರು. ಕೂರುವ ಜಾಗದಲ್ಲೆಲ್ಲ ಕುರು ಎದ್ದಿತ್ತು. ಸೀಟಿಗೆ ಎರಡು ಪಟ್ಟು ಸ್ಪಂಜು ಹಾಕಿಸಿದ್ದರೂ ನೋವು ಹೆಚ್ಚಾಗಿತ್ತೇ ಹೊರತು ಇಳಿದಿರಲಿಲ್ಲ.

“ಸ್ಪಂಜು ಮೆತ್ತಗಿದ್ರೆ ಸುಖ ಅಂತ ಎಲ್ರೂ ತಿಳ್ಕಂಡಾರೆ,” ಎನ್ನುತ್ತಾರೆ ಮಾಲಾ. “ಅರ್ಧ ಗಂಟೆಗೆ ಅದು ಅಪ್ಪಚ್ಚಿ ಆಗಿ ಮೂಳೆ ತಳಕ್ಕೆ ತಾಗ್ತೈತೆ. ಕೆಳಗೆ ಗಟ್ಟಿ ಫೋಮು ಬೇಕು, ಮ್ಯಾಲೆ ಒಂದೇ ಬೆರಳು ಮೆತ್ತಂದು. ಮುಂದೆ ಜಾರದಂಗೆ ಇರಬೇಕು. ಎರಡು ಮೂಳೆ ಕೂರಾಕೆ ಎರಡು ಜಾಗ ಮಾಡಿಕೊಟ್ರೆ ಮುಗೀತು.”

ರಂಗಣ್ಣನನ್ನು ಮಣ್ಣಿನ ಮೇಲೆ ಕೂರಿಸುವ ಯೋಚನೆ ಅಪ್ಪನಿಂದ ಬಂತು. ಆ ಸೀಟು ಸರಿಹೊಂದಿತು. ವಾರ ಕಳೆಯುವುದರೊಳಗೆ ರಂಗಣ್ಣ ಇಬ್ಬರನ್ನು ಕರೆತಂದರು, ಆ ಇಬ್ಬರು ಇನ್ನಷ್ಟು ಜನರನ್ನು. ಒಂದು ಸೀಟಿಗೆ ಐದಾರು ತಾಸಿನ ಕೆಲಸ. ಗರಗಸದಂಥ ಹಲ್ಲಿರುವ ಚಾಕುವಿನಿಂದ ಫೋಮು ಕೊಯ್ದು, ಉಜ್ಜಿ, ಅಂಟಿಸಿ, ರೆಕ್ಸಿನ್ ಎಳೆದು ಹೊಲಿಯಬೇಕು. ಅಂಟಿನ ಘಾಟಿಗೆ ಮಾಲಾ ಮೂಗಿಗೆ ಈಗ ಒಗ್ಗರಣೆಯ ವಾಸನೆ ತಿಳಿಯುವುದಿಲ್ಲ. ಬಲಗೈ ತೋರುಬೆರಳಿನ ತುದಿ ಮರಗಟ್ಟಿದೆ. ಆದರೂ ವಾರಕ್ಕೆ ಹತ್ತು ಸೀಟು ಮಾಡುತ್ತಿದ್ದ ಕಾಲವಿತ್ತು. ಶಿವಮೊಗ್ಗ, ದಾವಣಗೆರೆಯ ಬೈಕ್ ಕ್ಲಬ್ಬುಗಳ ಹುಡುಗರೂ ಹುಡುಕಿಕೊಂಡು ಬರುತ್ತಿದ್ದರು. ವಿನಯ್ ಕುಮಾರ್ ಬಂದದ್ದು ಹಾಗೆಯೇ.

ಚನ್ನಗಿರಿಯ ವಿನಯ್ ದಿನವಿಡೀ ಮನೆಯ ಅಡಿಕೆ ಮಂಡಿಯಲ್ಲಿ ಕೂತು ತೂಕ ನೋಡುವವರು. ಆಗ ಮೂವತ್ತೊಂದು ವರ್ಷ. ಬೈಕೆಂದರೆ ಪ್ರಾಣ. ಇಪ್ಪತ್ನಾಲ್ಕು ಗಂಟೆಯೊಳಗೆ ಸಾವಿರದ ಆರುನೂರು ಕಿಲೋಮೀಟರ್ ಓಡಿಸಿದವರಿಗೆ ಕ್ಲಬ್ಬಿನವರು ಒಂದು ಸರ್ಟಿಫಿಕೇಟ್ ಕೊಡುತ್ತಾರೆ. ವಿನಯ್‌ಗೆ ಅದು ಬೇಕಿತ್ತು. ಹಿಂದೆ ಒಮ್ಮೆ ಹೊರಟು, ಒಂಬೈನೂರಕ್ಕೆ ಕೂರಲಾಗದೆ ಬಿಟ್ಟು ಬಂದಿದ್ದರು.

ಮೂರು ವರ್ಷದ ಹಿಂದೆ, ಎರಡು ತಿಂಗಳಲ್ಲಿ ಮಾಲಾ ಆ ಸೀಟನ್ನು ನಾಲ್ಕು ಸಲ ಬಿಚ್ಚಿ ಕಟ್ಟಿದರು. ಪ್ರತಿ ಸಲವೂ ವಿನಯ್ ಅದನ್ನು ಹಾಕಿಕೊಂಡು ಸೂರಗೊಂಡನಕೊಪ್ಪಕ್ಕೆ ಹೋಗಿ, ಅಲ್ಲಿಂದ ತಿರುಗಿ ಚನ್ನಗಿರಿ ದಾಟಿ ಜಗಳೂರು ಮುಟ್ಟಿ ವಾಪಸು ಬರುತ್ತಿದ್ದರು. ಎಷ್ಟನೇ ಕಿಲೋಮೀಟರಿಗೆ ಎಲ್ಲಿ ಹಿಡಿಯಿತು ಎಂದು ಚೀಟಿಯಲ್ಲಿ ಬರೆದು ತರುತ್ತಿದ್ದರು. ಮಾಲಾ ಅಲ್ಲಿಗೇ ಚಾಕು ಇಡುತ್ತಿದ್ದರು. ಇಷ್ಟು ಶ್ರದ್ಧೆಯ ಗಿರಾಕಿ ಅವರಿಗೆ ಅದುವರೆಗೆ ಸಿಕ್ಕಿರಲಿಲ್ಲ. ನಾಲ್ಕನೇ ಸಲ ವಿನಯ್ ಚೀಟಿಯಿಲ್ಲದೆ ಬಂದರು.

“ಅಕ್ಕಾ, ಕೆಳಗೆ ಸೀಟು ಐತೆ ಅನ್ನೋದೇ ಮರೆತೋಯ್ತು.”

ಆ ದಿನದಷ್ಟು ಹೆಮ್ಮೆ ಮಾಲಾಗೆ ಇನ್ನೊಂದು ದಿನ ಆಗಿಲ್ಲ. ಹೊರಡುವಾಗ ವಿನಯ್ ಕೇಳಿದ್ದರಂತೆ: “ಇದ್ರ ಮೇಲೆ ಎಷ್ಟೊತ್ತು ಕೂರಬಹುದು ಅಕ್ಕಾ?” ಮಾಲಾ ನಗುತ್ತ ಅಂದಿದ್ದರು: “ನಿಮಗೆ ಬ್ಯಾಸರ ಆಗೋ ತನಕ.”

ಶನಿವಾರ ಮಧ್ಯಾಹ್ನ ಮೂರಕ್ಕೆ ಹೊರಟ ವಿನಯ್ ಭಾನುವಾರ ಮೂರರೊಳಗೆ ತಿರುಗಿ ಬರಬೇಕಿತ್ತು. ಭಾನುವಾರ ಹನ್ನೆರಡೂವರೆಗೆ, ಇನ್ನು ನೂರ ಮೂವತ್ತು ಕಿಲೋಮೀಟರ್ ಉಳಿದಿರುವಾಗ, ಹೆದ್ದಾರಿಯ ಪಕ್ಕದಲ್ಲಿ ನಿಂತಿದ್ದ ಲಾರಿಯ ಹಿಂಬದಿಗೆ ಬೈಕು ಹೋಗಿ ಬಡಿಯಿತು. ನೆತ್ತಿಯ ಮೇಲೆ ಬಿಸಿಲಿತ್ತು, ರಸ್ತೆ ನೆಟ್ಟಗಿತ್ತು. ಬ್ರೇಕು ಹಿಡಿದ ಗುರುತು ಇರಲಿಲ್ಲ. ಹಿಂದೆ ಬರುತ್ತಿದ್ದ ಕಾರಿನವರು, ಬೈಕು ನಿಧಾನವಾಗಿ ಎಡಕ್ಕೆ ಸರಿಯುತ್ತ ಹೋಯಿತು ಎಂದು ಹೇಳಿದರು. ವಿನಯ್ ನಿದ್ದೆ ಹೋಗಿದ್ದರು.

ಸುದ್ದಿ ತಂದವರು ರಂಗಣ್ಣ. ಮರುದಿನ ಮಾಲಾ ಬಸ್ಸು ಹತ್ತಿ ಚನ್ನಗಿರಿಗೆ ಹೋದರು. ಮನೆಯ ಮುಂದೆ ಜನವೋ ಜನ. ಮಾಲಾ ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎದುರಿನ ಮನೆಯ ಗೋಡೆಗೆ ಒರಗಿ ನಿಂತಿದ್ದು, ಹೆಣ ಎತ್ತಿದ ಮೇಲೆ ಬಸ್ಸಿಗೆ ಬಂದರು.

ಒಂದು ತಿಂಗಳು ಶಟರ್ ಏಳಲಿಲ್ಲ. “ನೀನೇನು ಗಾಡಿ ಓಡಿಸಿದ್ದಾ?” ಎಂದು ಕೃಷ್ಣ ಎಷ್ಟು ಸಮಾಧಾನ ಹೇಳಿದರೂ ಮಾಲಾ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು. ಹಿಂದಿನ ಸಲ ಆತ ಒಂಬೈನೂರಕ್ಕೆ ನಿಂತಿದ್ದ. ನೋವು ತಾಳಲಾರದೆ ನಿಂತಿದ್ದ. ನಿಂತಿದ್ದಕ್ಕೆ ಮನೆಗೆ ಬಂದಿದ್ದ.

“ಆ ನೋವನ್ನ ತೆಗೆದವಳು ನಾನೇ ಅಲ್ಲೇನ್ರಿ?” ಎಂದು ಕೇಳುತ್ತಾರೆ ಮಾಲಾ. ಇದನ್ನು ಹೇಳುವಾಗಲೂ ಅವರ ಕೈ ಫೋಮು ಉಜ್ಜುತ್ತಲೇ ಇರುತ್ತದೆ.

ಅಂಗಡಿ ಮತ್ತೆ ತೆರೆದ ವಾರದಲ್ಲಿ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಗಂಟು. ಬಿಚ್ಚುವ ಮೊದಲೇ ಅದರ ಆಕಾರದಿಂದ ಮಾಲಾಗೆ ಗೊತ್ತಾಗಿಹೋಯಿತು. ಬಂದವರು ವಿನಯ್ ಹೆಂಡತಿ ಸಂಧ್ಯಾರಾಣಿ.

“ಪೊಲೀಸ್ನೋರು ಗಾಡಿ ಬಿಟ್ಟುಕೊಟ್ರು. ಗುಜರಿಗೆ ಹಾಕಿದ್ವಿ. ಇದೊಂದು ಹಾಕಾಕೆ ಮನಸ್ಸಾಗ್ಲಿಲ್ಲ. ಮನೇಲಿ ಇಟ್ಕಳಾಕೂ ಆಗ್ತಿಲ್ಲ,” ಎಂದರು ಸಂಧ್ಯಾರಾಣಿ. “ನಿಮ್ಮ ಹೆಸರು ಅವ್ರ ಬಾಯಲ್ಲಿ ಭಾಳ ಸಲ ಕೇಳಿದ್ದೆ.”

ಮಾಲಾ ಸ್ಟೂಲು ಎಳೆದು ಕೂರಿಸಿದರು. ನೀರು ಕೊಟ್ಟರು. ಸಂಧ್ಯಾರಾಣಿ ನೀರು ಕುಡಿಯಲಿಲ್ಲ, ಲೋಟ ಹಿಡಿದೇ ಮಾತಾಡಿದರು. “ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪೆಟ್ರೋಲ್ ಬಂಕಿಂದ ಫೋನ್ ಮಾಡಿದ್ರು. ಸ್ವಲ್ಪ ಮಲಗಿ ಬರ್ರೀ ಅನ್ನೋಣ ಅಂದ್ಕಂಡೆ. ಅಷ್ಟರಲ್ಲಿ ಅವ್ರೇ ಅಂದ್ರು, ‘ಎಲ್ಲೂ ಒಂಚೂರು ನೋವಿಲ್ಲ ಕಣೇ, ಸುಮ್ನೆ ಯಾಕೆ ನಿಲ್ಲಲಿ? ಮೂರಕ್ಕೆ ಊಟಕ್ಕೆ ಬರ್ತೀನಿ.’ ಅಷ್ಟು ಖುಷಿಯಾಗಿದ್ರು. ನಾನು ಸುಮ್ನಾದೆ.”

ಮಾಲಾ, ವಿನಯ್ ಕೇಳಿದ್ದನ್ನೂ ತಾನು ಕೊಟ್ಟ ಉತ್ತರವನ್ನೂ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. “ನಿಲ್ರಿ, ಮಲಗ್ರಿ ಅಂತ ನಾನು ಅನ್ನಬೇಕಿತ್ತು ತಾಯಿ. ನನ್ನ ಕೆಲಸದ ಹೆಚ್ಚುಗಾರಿಕೆ ನಾನು ಆಡ್ಕಂಡೆ.”

ಸಂಧ್ಯಾರಾಣಿ ತುಂಬಿದ ಲೋಟವನ್ನು ಹಾಗೇ ಕೆಳಗಿಟ್ಟರು. ಆಮೇಲೆ, “ಅನ್ನಬೇಕಿದ್ದೋಳು ನಾನೂ ಇದ್ದೆ,” ಎಂದರು. ಎದ್ದು ಹೋದರು. ಆಮೇಲೆ ಈ ಕಡೆ ಬಂದಿಲ್ಲ.

ಅವರು ಹೋದ ಮೇಲೆ ಮಾಲಾ ಸೀಟನ್ನು ತಿರುಗಿಸಿ ನೋಡಿದರು. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಫೋಮು ಎಲ್ಲಿಯೂ ಇಳಿದಿರಲಿಲ್ಲ. ಅದರಲ್ಲಿ ಒಂದು ತಪ್ಪಾದರೂ ಸಿಕ್ಕಿದ್ದರೆ ಮನಸ್ಸು ಇಷ್ಟು ಉರಿಯುತ್ತಿರಲಿಲ್ಲವೇನೋ ಎನ್ನುತ್ತಾರೆ.

ಅಂದಿನಿಂದ ದೂರದ ಸವಾರಿಗೆಂದು ಬರುವವರ ಸೀಟಿನಲ್ಲಿ ಮಾಲಾ ಗಟ್ಟಿ ಫೋಮಿನ ಒಂದು ಸಣ್ಣ ಏಣು, ಎಂದರೆ ಉಬ್ಬಿದ ಅಂಚು, ಬಿಡುತ್ತಾರೆ. ತೊಡೆ ಮತ್ತು ಕೂರುವ ಜಾಗ ಸೇರುವಲ್ಲಿ, ಬೆರಳಗಲದ್ದು. ಮೊದಲ ಒಂದೂವರೆ ಗಂಟೆ ಅದು ಗೊತ್ತೇ ಆಗುವುದಿಲ್ಲ. ಎರಡಾಗುವಷ್ಟರಲ್ಲಿ ಒತ್ತತೊಡಗುತ್ತದೆ. ಇಳಿದು ನಾಲ್ಕು ಹೆಜ್ಜೆ ಓಡಾಡದೆ ಬೇರೆ ದಾರಿ ಇರುವುದಿಲ್ಲ. ಯಾವ ಊರು ತಲುಪುವಾಗ ನೋವು ಹಿಡಿಯುವಂತೆ ಮಾಡಬೇಕೆಂದು ಸವಾರರನ್ನೇ ಕೇಳಿ, ಅವರ ಮೈಭಾರ ನೋಡಿ ಕೊಯ್ಯುತ್ತಾರೆ. ಕದ್ದು ಮಾಡುವುದಿಲ್ಲ, ಮುಂಚೆಯೇ ಹೇಳುತ್ತಾರೆ. “ಬ್ಯಾಡ ಅನ್ನೋರು ಬೇರೆ ಕಡೆ ಮಾಡಿಸ್ಕಳ್ಳಲಿ. ನನ್ನ ಕೈಲಾಗೋದು ಇದೇ.”

ಬೇಡವೆಂದವರೇ ಹೆಚ್ಚು. ಸುಖ ಕೇಳಿ ಬಂದವರಿಗೆ ನೋವು ಮಾರುತ್ತಾಳೆ ಎಂದು ಕ್ಲಬ್ಬಿನ ಹುಡುಗರು ಫೋನಿನಲ್ಲಿ ಬರೆದುಕೊಂಡು ನಗಾಡಿದರು. ಶಿವಮೊಗ್ಗದವರು ಬರುವುದು ನಿಂತಿತು. ಈಗ ವಾರಕ್ಕೆ ನಾಲ್ಕು ಸೀಟು ಬಂದರೆ ಹೆಚ್ಚು. ಉಳಿದ ಹೊತ್ತಿಗೆ ಆಟೋ ಸೀಟು, ಟ್ರ್ಯಾಕ್ಟರ್ ಸೀಟು. ರಂಗಣ್ಣನಂಥವರಿಗೆ ಮಾತ್ರ ಏಣು ಇಲ್ಲದ ಸೀಟು ಮಾಡಿಕೊಡುತ್ತಾರೆ. ಊರೂರಿಗೆ ಇಳಿದು ಮೀನು ತೂಗುವ ಮನುಷ್ಯನಿಗೆ ಇಳಿಸುವವರು ಬೇಕಿಲ್ಲ.

ತಾನು ಮಾಡುತ್ತಿರುವುದು ಸರಿಯೇ ಎಂದು ಮಾಲಾಗೆ ಗಟ್ಟಿಯಾಗಿ ಗೊತ್ತಿಲ್ಲ. ನಿದ್ದೆ ಬರುವವನಿಗೆ ನೋವಿದ್ದರೂ ಬರಬಹುದು. ನೋವಿಗೆ ಹೊರಳಾಡುವಾಗಲೇ ಗಾಡಿ ತಪ್ಪಬಹುದು. ಇದನ್ನೆಲ್ಲ ಕೃಷ್ಣ ಹೇಳಿದ್ದಾರೆ, ಮಾಲಾ ಕೂಡ ಯೋಚಿಸಿದ್ದಾರೆ. ಕೆಲವು ದಿನ ಚಾಕು ಕೈಗೆತ್ತಿಕೊಂಡು, ಎಲ್ಲಿ ಕೊಯ್ಯಬೇಕೆಂದು ತೋಚದೆ ಕೂತುಬಿಡುತ್ತಾರೆ. ಮಾತಿನಲ್ಲಿ ಹೇಳಿದರೆ ಸಾಲದೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ. “ಮಾತು ಹೊನ್ನಾಳಿ ಸೇತುವೆ ದಾಟೋವಷ್ಟರಲ್ಲಿ ಮರೆತೋಗ್ತೈತೆ ರೀ.”

ಕಳೆದ ತಿಂಗಳು ಜಗಳೂರಿನ ರಮೇಶ್ ಎಂಬ ಹುಡುಗ ಅದೇ ಇಪ್ಪತ್ನಾಲ್ಕು ಗಂಟೆಯ ಸವಾರಿಗೆಂದು ಸೀಟು ಮಾಡಿಸಿಕೊಂಡು ಹೋಗಿದ್ದ. ಏಣಿನ ವಿಷಯ ಹೇಳಿದಾಗ ನಕ್ಕು, “ನಂಗೆ ಅದೆಲ್ಲ ಹಿಡಿಯಲ್ಲ, ಮಾಡಿಕೊಡ್ರಿ” ಅಂದಿದ್ದ. ಅವನು ಹೊರಟ ಶನಿವಾರದಿಂದ ಮಾಲಾ ಬಾಯಿಗೆ ಅನ್ನ ಸೇರಲಿಲ್ಲ. ಫೋನ್ ಮಾಡಿ ಕೇಳುವ ಧೈರ್ಯವೂ ಆಗಲಿಲ್ಲ. ಸೋಮವಾರ ಕಳೆಯಿತು, ಮಂಗಳವಾರ ಕಳೆಯಿತು.

ಬುಧವಾರ ಹತ್ತು ಗಂಟೆಗೆ ಅಂಗಡಿ ಮುಂದೆ ಬೈಕು ನಿಂತಿತು. ರಮೇಶ್ ಹೆಲ್ಮೆಟ್ಟನ್ನೂ ತೆಗೆಯದೆ ಕೂಗಾಡಿದ. “ಏನ್ರೀ ಇದು ಸೀಟು? ಹನ್ನೊಂದು ಸಲ ಇಳಿದೆ. ಒಂದ್ಕಡೆ ಇಳಿದೋನು ಕಟ್ಟೆ ಮೇಲೆ ಹಂಗೇ ಮಲಗಿಬಿಟ್ಟೆ, ಎರಡು ತಾಸು! ಸರ್ಟಿಫಿಕೇಟು ಹೋತು, ಮಾನಾನೂ ಹೋತು. ನಿಮ್ಮಿಂದ ನಾನು ಕೆಟ್ಟೆ.”

ಪಕ್ಕದ ಅಂಗಡಿಯವರು ಬಂದು ನಿಂತರು. ಮಾಲಾ ಎಲ್ಲ ಮುಗಿಯುವವರೆಗೆ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿಸಿಕೊಂಡರು. ಹುಡುಗ ಧೂಳೆಬ್ಬಿಸಿಕೊಂಡು ಹೋದ.

ಇನ್ನೇನು ಆಸೆ ಇದೆ ನಿಮಗೆ ಎಂದು ಕೇಳಿದರೆ ಮಾಲಾ ಅದೇ ಬುಧವಾರದ ಮಾತು ತೆಗೆಯುತ್ತಾರೆ.

“ಎಲ್ರೂ ಹಂಗೇ ಬಂದು ಬೈದು ಹೋಗಲಿ ರೀ. ಬೈಯಾಕಾದ್ರೂ ತಿರುಗಿ ಬಂದ್ನಲ್ಲ ಆ ಹುಡುಗ.”