ಅರಮನೆಗಳಿಗೆ ಬಲ್ಬು ಹಾಕಿದವನು

ಅವನ ತುಟಿಗಳ ನಡುವೆ ಸದಾ ನಾಲ್ಕಾರು ಸಣ್ಣ ಮೊಳೆಗಳಿರುತ್ತಿದ್ದವು. ಕಚ್ಚಿಕೊಂಡೇ ಮಾತಾಡುತ್ತಿದ್ದ, ಅರ್ಧ ಅರ್ಥವಾಗುತ್ತಿರಲಿಲ್ಲ. "ಅದನ್ನ ಉಗಿದು ಮಾತಾಡಯ್ಯಾ" ಎಂದರೆ, ಒಂದನ್ನು ತೆಗೆದು ಚೌಕಟ್ಟಿಗೆ ಹೊಡೆದು, ಉಳಿದವನ್ನು ಬಾಯಲ್ಲಿಟ್ಟುಕೊಂಡೇ ಮತ್ತೆ ಶುರು ಮಾಡುತ್ತಿದ್ದ.

ವರ್ತೂರಿನಲ್ಲಿ ನಮ್ಮ ಕಟ್ಟಡದ ಕೆಳಗಿನ ಮಳಿಗೆಯಲ್ಲಿ ಅವನ ಫೋಟೋ ಫ್ರೇಮಿನ ಅಂಗಡಿ. ನಮ್ಮ ಕಡೆ ಗಾಜು ಹಾಕಿಸಿ ಗೋಡೆಗೇರಿಸುವುದು ದೇವರನ್ನು, ಇಲ್ಲವೇ ತೀರಿಕೊಂಡವರನ್ನು. ಯಾರಾದರೇನು, ಅವನು ಚಿನ್ನದ ಬಣ್ಣದ ಪಟ್ಟಿ ಕಟ್ಟಿ, ಕೆಳಗೊಂದು ಕೆಂಪು ಬಲ್ಬು ಕೂರಿಸುತ್ತಿದ್ದ. ನಮ್ಮಪ್ಪನಿಗೂ ನನ್ನ ಹೆಂಡತಿಗೂ ಅವನೇ ಮಾಡಿಕೊಟ್ಟಿದ್ದು. ಸಾವಿನ ಮನೆಯವರು ಬಂದರೆ ಕೈಲಿದ್ದ ಕೆಲಸವೆಲ್ಲ ಪಕ್ಕಕ್ಕೆ. "ತಿಥಿ ಒತ್ಗೆ ಮುಖ ಗೋಡೆ ಮೇಲಿರ್ಬೇಕು. ಮಿಕ್ಕಿದ್ದೆಲ್ಲ ಕಾಯುತ್ತೆ" ಎನ್ನುತ್ತಿದ್ದ. ಮದುವೆ ಫೋಟೋ ಕೊಟ್ಟವರು, "ಮಗು ಹುಟ್ಟೋದ್ರೊಳಗಾದ್ರೂ ಸಿಗುತ್ತೇನಣ್ಣ?" ಎಂದು ರೇಗಿಸುತ್ತಿದ್ದರು.

ನನ್ನ ತಲೆ ಕೆಟ್ಟಿದ್ದು, ಮೇಲಿನ ಮನೆಗಳನ್ನು ಕಂಪನಿಯವರಿಗೆ ಬಾಡಿಗೆಗೆ ಕೊಡುವ ಆಸೆ ಹತ್ತಿದಾಗ. ಬ್ರೋಕರ್ ಬಂದು ನೋಡಿ, "ಗೋಡೆ ಬೋಳು ಸಾರ್. ಹಳೇ ಅರಮನೆ ಪ್ರಿಂಟ್ ಹಾಕ್ಸಿ, ಲುಕ್ಕೇ ಬೇರೆ" ಎಂದ. ಪೇಟೆಯಲ್ಲಿ ಹಳೇ ಸಾಮಾನಿನ ಅಂಗಡಿ ಹುಡುಕಿ ತಂದೆ: ಮೈಸೂರು, ಉದಯಪುರ, ಗ್ವಾಲಿಯರ್. ಹಿಂದಿನ ಕಾಲದ ಅಚ್ಚು, ಟೀ ಬಣ್ಣಕ್ಕೆ ತಿರುಗಿದ ಕಾಗದ. ಚಿತ್ರದ ಸುತ್ತ ಅಗಲವಾದ ಖಾಲಿ ಅಂಚು, ಅದರ ಕೆಳಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಅರಮನೆಯ ಹೆಸರು. ಆ ಅಂಚಿದ್ದರೇ ಬೆಲೆ ಎಂದು ಮಾರಿದವನು ಹೇಳಿದ್ದ. ಫ್ರೇಮು ಹಾಕಲು ಕೊಡುವಾಗ ನಾನೂ ಇವನಿಗೆ ಅದನ್ನೇ ಹೇಳಿದೆ. ತೆಳ್ಳನೆಯ ಕಪ್ಪು ಚೌಕಟ್ಟು ಸಾಕೆಂದೂ ಹೇಳಿದೆ. ತಲೆಯಾಡಿಸಿದ.

ಆಮೇಲೆ ಕೇಳಿದಾಗಲೆಲ್ಲ ಯಾರೋ ಸತ್ತಿರುತ್ತಿದ್ದರು.

"ಏನಯ್ಯಾ, ನನ್ ಕೆಲ್ಸ ಕೆಡ್ಸೋಕೇ ಸಾಯ್ತಾರಾ ಈ ಊರ್ ಜನ?"

"ಅವ್ರನ್ನೇ ಕೇಳ್ಬೋದಿತ್ತು ಯಜಮಾನ್ರೇ. ಮೊನ್ನೆವರ್ಗೂ ಇಲ್ಲೇ ಓಡಾಡ್ತಿದ್ರು."

ಕೊನೆಗೊಂದು ಸಂಜೆ ಅವನೇ ಹೆಮ್ಮೆಯಿಂದ ಕರೆದ. ಹೋಗಿ ನೋಡಿದರೆ ಎಲ್ಲಕ್ಕೂ ಚಿನ್ನದ ಬಣ್ಣದ ಪಟ್ಟಿ. ಮೈಸೂರು ಅರಮನೆಯ ಕೆಳಗೆ ಕೆಂಪು ಬಲ್ಬು ಉರಿಯುತ್ತಿತ್ತು.

"ಅಂಚೆಲ್ಲಿ?"

"ಖಾಲಿ ಕಾಗದಕ್ ಯಾಕೆ ಗಾಜು ದಂಡ ಮಾಡೋದು? ಕತ್ತರ್ಸಿದೆ. ಈಗ್ ನೋಡಿ, ಅರಮನೆ ಎಂಗೆ ತುಂಬ್ಕೊಂಡ್ ಕಾಣುತ್ತೆ!"

"ಬಲ್ಬ್ ಯಾಕಯ್ಯಾ? ಇದೇನ್ ದೇವ್ರಾ?"

"ರಾಜ್ರಿದ್ದ ಮನೆ. ಅವ್ರೂ ಈಗಿಲ್ವಲ್ಲ. ಕತ್ಲಲ್ಲಿ ಬಿಡೋಕಾಗುತ್ತಾ?"

ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತಿದೆ. ಹೇಳಿದ್ದನ್ನು ಕೇಳುವ ಮನುಷ್ಯನೇ ಅಲ್ಲ. "ತಿಂಗಳೊಳಗೆ ಮಳಿಗೆ ಖಾಲಿ ಮಾಡು" ಎಂದುಬಿಟ್ಟೆ. ಕೋಪದ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಮರುದಿನ ಅವನು ಮನೆಗೆ ಬಂದ. ಬಾಯಲ್ಲಿ ಮೊಳೆ ಇರಲಿಲ್ಲ. "ಬಲ್ಬ್ ತೆಗ್ದುಕೊಡ್ತೀನಿ ಯಜಮಾನ್ರೇ. ಅಂಗಡಿ ಬಿಡಿಸ್ಬೇಡಿ. ಈ ವಯಸ್ನಲ್ಲಿ ನಾನ್ ಎಲ್ಲಿಗ್ ಹೋಗ್ಲಿ?" ಪ್ರತಿ ಮಾತೂ ಸ್ಪಷ್ಟವಾಗಿ ಕೇಳಿಸಿತು. ಆದರೆ ಅಷ್ಟರಲ್ಲಿ ಸುದ್ದಿ ತಿಳಿದ ಬ್ರೋಕರ್, ಬೆಳಿಗ್ಗೆಯೇ ಫೋನ್ ಮಾಡಿ ಆ ಮಳಿಗೆಗೆ ಸಲೂನಿನವರನ್ನು ಗೊತ್ತುಮಾಡಿದ್ದ. ಅವರು ಇವನಿಗಿಂತ ಹೆಚ್ಚು ಕೊಡುವವರು. ಕೋಪ ಆಗಲೇ ಇಳಿದಿತ್ತು. ಆದರೂ ಇಳಿದಿಲ್ಲವೆಂಬಂತೆ ಮುಖ ಗಂಟುಹಾಕಿಕೊಂಡು ಕೂತೆ. ನಾನು ಮಾಡಿದ್ದು ಅದು. ಅರಮನೆಗಳು ಕೆಟ್ಟಿದ್ದಕ್ಕೆ ಅವನನ್ನು ಬಿಡಿಸಿದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆ ಚೌಕಟ್ಟುಗಳು ಗುಜರಿಗೆ ಹೋದವು. ಆನ್‌ಲೈನಿನಲ್ಲಿ ಬೇರೆ ಅರಮನೆಗಳನ್ನು ತರಿಸಿದೆ, ಅಗಲವಾದ ಬಿಳಿ ಅಂಚಿನವು. ಬಾಡಿಗೆಯ ಹುಡುಗರು ಅವುಗಳ ಮೂಲೆಗೆ ಒದ್ದೆ ಟವೆಲ್ ನೇತುಹಾಕುತ್ತಾರೆ.

ಅಂಗಡಿ ಹೋದ ಮೇಲೆ ಅವನು ಮನೆಯಲ್ಲೇ ಕೂತ. ಕಳೆದ ವರ್ಷ ತೀರಿಕೊಂಡ. ನೋಡಲು ಹೋದಾಗ ಅವನ ಹೆಂಡತಿ ಒಂದು ದೊಡ್ಡ ಫೋಟೋ ನನ್ನ ಕೈಗಿಟ್ಟು, "ಅಣ್ಣಾ, ತಿಥಿಗೆ ಇದುಕ್ಕೊಂದ್ ಫ್ರೇಮ್ ಆಕಿಸ್ಕೊಡಿ. ನಮ್ಗೆ ಬೇರೆ ಅಂಗಡಿ ಗೊತ್ತಿಲ್ಲ" ಎಂದಳು. ಆಕೆ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ವೈಟ್‌ಫೀಲ್ಡ್‌ವರೆಗೂ ಅಲೆದೆ. ರೆಡಿಮೇಡ್ ಚೌಕಟ್ಟುಗಳೆಲ್ಲ ಚಿಕ್ಕವಾದವು. ಗಾಜಿನ ಬಾಗಿಲಿನ ಒಂದು ಅಂಗಡಿಯಲ್ಲಿ ಹುಡುಗಿ, "ಎರಡು ವಾರ ಆಗುತ್ತೆ ಅಂಕಲ್" ಎಂದಳು.

"ತಿಥಿ ನಾಳಿದ್ದು ಕಣಮ್ಮಾ. ಮಿಕ್ಕಿದ್ದು ಕಾಯಲಿ, ಇದನ್ನ ಮಾಡ್ಕೊಡು."

"ಎಲ್ರೂ ಅರ್ಜೆಂಟ್ ಅಂತಾನೇ ಬರೋದು ಅಂಕಲ್. ಲೈನಲ್ಲೇ ಹೋಗ್ಬೇಕು."

ಅವಳ ಮೇಲೆ ಕೂಗಾಡಿ ಬಂದೆ. ಪಾಪ, ಅವಳದೇನು ತಪ್ಪು?

ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿ ಒಯ್ದೆ. ತಿಥಿಯ ದಿನ ಅದನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒರಗಿಸಿಟ್ಟರು. ಹಾರದ ಭಾರಕ್ಕೆ ಬಳುಕಿ ಬಳುಕಿ ಮುಂದಕ್ಕೆ ಬೀಳುತ್ತಿತ್ತು. ಬಂದವರ ಊಟ ಮುಗಿಯುವವರೆಗೂ ನಾನು ಕುರ್ಚಿಯ ಹಿಂದೆ ನಿಂತು ಅದನ್ನು ಹಿಡಿದುಕೊಂಡಿದ್ದೆ.