ಪೆನ್ಕಾಳ ಯಂತ್ರ ನಿಲ್ಲುವ ಒಂದು ನಿಮಿಷ

ಬೆಳಗಿನ ಆರು ಗಂಟೆ. ಡ್ಯಾನ್ಯೂಬ್ ನದಿಯ ಮಂಜು ಲೊಮ್ ಊರನ್ನು ಇನ್ನೂ ಬಿಟ್ಟಿಲ್ಲ. ಅಚ್ಚಿನಂಗಡಿಯಲ್ಲಿ ಪೆನ್ಕಾ ಡೊಬ್ರೆವಾ ಕಾಫಿ ಹಿಡಿದು ನಿಂತಿದ್ದಾರೆ. ಕೀಲಿಮಣೆಯನ್ನು ಯಾರೂ ಮುಟ್ಟಿಲ್ಲ. ಆದರೂ ಪ್ರಿಂಟರ್ ಗೊರಗೊರ ಎನ್ನುತ್ತದೆ, ಸತ್ತವರ ಮುಖಗಳು ಒಂದೊಂದಾಗಿ ಹೊರಬರುತ್ತವೆ. ಏಳನೆಯ ಮುಖ ಬಂದ ಮೇಲೆ ಯಂತ್ರ ತಟ್ಟನೆ ನಿಲ್ಲುತ್ತದೆ. ಪೆನ್ಕಾ ಬಾಗಿಲ ಕಡೆ ನೋಡುತ್ತಾರೆ. ನಿಮಿಷ ಕಳೆದು ಎಂಟನೆಯದು ಬರುತ್ತದೆ.

"ಇವತ್ತು ಹನ್ನೊಂದು ಜನ," ಎನ್ನುತ್ತಾರೆ, ಊಟಕ್ಕೆ ಬರುವ ನೆಂಟರನ್ನು ಎಣಿಸುವ ಹಾಗೆ.

ಇಲ್ಲಿ ಯಾರಾದರೂ ತೀರಿಕೊಂಡರೆ ಬಾಗಿಲಿಗೆ, ಕಂಬಕ್ಕೆ ಅವರ ಫೋಟೊ ಹಾಳೆ ಅಂಟಿಸಬೇಕು. ನಲವತ್ತನೇ ದಿನ ಮತ್ತೊಂದು, ಆರು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷವರ್ಷವೂ. ಒಮ್ಮೆ ಪೆನ್ಕಾ ಹಾಳೆಯ ದಿನ ಮರೆತಾಗ ವಿಧವೆಯೊಬ್ಬಳು ಸಂತೆಯ ನಡುವೆಯೇ ಜನ್ಮ ಜಾಲಾಡಿದಳು. ಐವತ್ತು ದಾಟಿದ ಈಕೆ ಹಟ ಹಿಡಿದು ಮ್ಯಾಕ್ರೊ, ಅಂದರೆ ಕಂಪ್ಯೂಟರ್ ದಿನವೂ ತಾನೇ ಪಾಲಿಸುವ ಆಜ್ಞೆಗಳ ಸಾಲು, ಬರೆಯಲು ಕಲಿತದ್ದು ಆಮೇಲೆ. ನಾಲ್ಕು ಸಾವಿರ ಹೆಸರು, ಒಂದೇ ಪಟ್ಟಿ. ಸತ್ತು ಇಂದಿಗೆ ನಲವತ್ತು ದಿನವಾಗಿದ್ದರೆ ಅಚ್ಚುಮಾಡು. ತಾರೀಖಿನ ಚೌಕ ಖಾಲಿಯಿದ್ದರೆ ಮುಂದೆ ಹೋಗು. ಖಾಲಿ ಇರುವವರು ಬದುಕಿರುವವರು. ಮುದುಕರು ತಾವೇ ಬಂದು, ಮುಂದೆ ಬೇಕಾದೀತೆಂದು, ಚೆಂದದ ಫೋಟೊ ಕೊಟ್ಟು ಹೋಗುತ್ತಾರೆ.

ಗಂಡ ಕಾಮೆನ್ ಕೂಡ ತಮಾಷೆಗೆ ಒಂದು ಕೊಟ್ಟಿದ್ದ. ಏಳು ವರ್ಷದ ಹಿಂದೆ ಮೀನಿಗೆಂದು ನದಿಗಿಳಿದ. ದೋಣಿಯಷ್ಟೇ ಮರಳಿತು.

ಚರ್ಚಿನಲ್ಲಿ ಬದುಕಿರುವವರ ಹೆಸರಿನ ಮೇಣದಬತ್ತಿಯನ್ನು ಮೇಲಿನ ತಟ್ಟೆಯಲ್ಲಿ ಹಚ್ಚುತ್ತಾರೆ, ಸತ್ತವರದ್ದನ್ನು ಕೆಳಗಿನ ಮರಳಿನಲ್ಲಿ. ಅತ್ತೆ ನೇದಾ ಪ್ರತಿ ಭಾನುವಾರ ಪೀಡಿಸುತ್ತಿದ್ದಳು: "ಕೆಳಗೆ ಹಚ್ಚೇ ಸೊಸೆ. ಅವನು ಕತ್ತಲಲ್ಲಿರ್ತಾನೆ."

ಕಳೆದ ಶರತ್ಕಾಲದಲ್ಲಿ ಪೆನ್ಕಾ ಸೋತು ಪಟ್ಟಿಯಲ್ಲಿ ಅವನ ತಾರೀಖಿನ ಚೌಕ ತೆರೆದರು. "ಸತ್ತ ಅಂತ ಬರೆಯೋಕೆ ಕೈ ಬರ್ಲಿಲ್ಲ. ಬದುಕಿದಾನೆ ಅನ್ನೋಕೂ ಧೈರ್ಯ ಇರ್ಲಿಲ್ಲ. ಸೊನ್ನೆ ಹಾಕ್ದೆ."

ಯಂತ್ರಕ್ಕೆ ಸೊನ್ನೆಯೂ ಒಂದು ತಾರೀಖು. ಅದರ ದಿನಗಣನೆ ಶುರುವಾಗುವುದೇ ಅಲ್ಲಿಂದ, 1899ರ ಡಿಸೆಂಬರ್ ಮೂವತ್ತರಿಂದ. ಆ ಚಳಿಗಾಲದ ಡಿಸೆಂಬರ್ ಮೂವತ್ತರಂದು ಪೆನ್ಕಾ ಜ್ವರದಿಂದ ಮನೆಯಲ್ಲಿದ್ದರು. ಯಂತ್ರದ ಲೆಕ್ಕಕ್ಕೆ ಅದು ಅವನ ವರ್ಷದ ದಿನ; ಅಂಗಡಿಯಲ್ಲಿ ಕಾಮೆನ್ ನಲವತ್ತು ಹಾಳೆಗಳಲ್ಲಿ ಹೊರಬಂದ: 'ನೀನಿಲ್ಲದ ನೂರಿಪ್ಪತ್ತೈದು ವರ್ಷ'. ಹಾಳೆ ಅಂಟಿಸುವ ಗೆಂಚೊ ಮಂಜಿನಲ್ಲಿ ಓದದೆ ಊರಿಗೆಲ್ಲ ಅಂಟಿಸಿಬಿಟ್ಟ.

"ಬಾಗ್ಲು ತೆಗೆದೆ. ಬಾಗ್ಲ ಮೇಲೆ ನನ್ನ ಗಂಡ ನಗ್ತಿದ್ದ."

ಎಂಬತ್ತೊಂದರ ನೇದಾ ಕೋಲೂರಿಕೊಂಡು ಕಂಬದಿಂದ ಕಂಬಕ್ಕೆ ಹೋಗಿ, ಹೆಪ್ಪುಗಟ್ಟಿದ ಅಂಟನ್ನು ಉಗುರಿನಿಂದ ಕೆರೆದಳು. "ಹೆತ್ತವಳಿಗೇ ಅಷ್ಟು ವಯಸ್ಸಾಗಿಲ್ಲ, ಇವನು ಸತ್ತು ನೂರಿಪ್ಪತ್ತೈದು ವರ್ಷನಂತೆ!" ಎಂದು ಬೈದಳು. ಕೊನೆಯ ಕಂಬದ ಬಳಿ ಅತ್ತೇಬಿಟ್ಟಳು. "ಕೆಳಗೆ ಹಚ್ಚೋದು ಬೇಡ ಕಣೇ. ಅವನಿನ್ನೂ ಬಂದಿಲ್ಲ, ಅಷ್ಟೇ."

ಸೊನ್ನೆ ಅಳಿಸಿದ ಪೆನ್ಕಾ ಮ್ಯಾಕ್ರೊಗೆ ಇನ್ನೊಂದು ಸಾಲು ಸೇರಿಸಿದ್ದಾರೆ: ಕಾಮೆನ್ ಹೆಸರು ಬಂದರೆ ಒಂದು ನಿಮಿಷ ನಿಲ್ಲು, ಆಮೇಲೆ ಮುಂದೆ ಹೋಗು.

"ಏಳು ವರ್ಷ ನಾನೊಬ್ಳೇ ಕಾದೆ," ಎನ್ನುತ್ತಾ ಅವರು ಹಾಳೆಗಳನ್ನು ಜೋಡಿಸುತ್ತಾರೆ. "ಈಗ ಕಾಯೋದನ್ನ ಇದಕ್ಕೂ ಕಲಿಸಿದೀನಿ."